ಮಾಳಿಗೆಯ ಭಾರ: ಬಯಲುಸೀಮೆಯ ಚಪ್ಪಟೆ ಛಾವಣಿಯ ಜನಪದ ತಂತ್ರಜ್ಞಾನ

ಪೀಠಿಕೆ

ಛಾವಣಿ ಎಂದರೆ ತಲೆಯ ಮೇಲಿನ ಮರೆ ಎಂಬುದು ಸಾಮಾನ್ಯ ತಿಳಿವಳಿಕೆ. ಕರಾವಳಿ ಹಾಗೂ ಮಲೆನಾಡಿನ ಮಟ್ಟಿಗೆ ಈ ಮಾತು ಸರಿ. ಅಲ್ಲಿ ಛಾವಣಿಯ ಮುಖ್ಯ ಕೆಲಸ ಮಳೆಯ ನೀರನ್ನು ಆದಷ್ಟು ಬೇಗ ನೆಲಕ್ಕೆ ಇಳಿಸುವುದು. ಆದುದರಿಂದ ಅದು ಇಳಿಜಾರಾಗಿರುತ್ತದೆ, ಅದರ ಮೇಲೆ ಯಾರೂ ನಡೆಯುವುದಿಲ್ಲ. ಬಯಲುಸೀಮೆಯ ಮಾಳಿಗೆಯ ಮನೆಯ ಸಂಗತಿಯೇ ಬೇರೆ. ಇಲ್ಲಿ ಛಾವಣಿಯು ಕೆಳಗಿನವರಿಗೆ ಸೂರು, ಮೇಲಿನವರಿಗೆ ನೆಲ. ಅದು ಮಳೆಯನ್ನು ತಡೆಯಬೇಕು, ಬಿಸಿಲನ್ನು ಹೀರಬೇಕು. ಜೊತೆಗೆ ಜೋಳದ ರಾಶಿಯನ್ನು, ಮೆಣಸಿನಕಾಯಿಯ ಹರವನ್ನು, ಬೇಸಗೆಯ ರಾತ್ರಿ ಮಲಗುವ ಇಡೀ ಸಂಸಾರವನ್ನು, ಜಾತ್ರೆಯ ದಿನ ತೇರು ನೋಡಲು ಹತ್ತುವ ನೆಂಟರಿಷ್ಟರನ್ನು ಹೊರಬೇಕು.

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ, ಕಲಬುರಗಿ ಜಿಲ್ಲೆಗಳಲ್ಲಿಯೂ ಚಿತ್ರದುರ್ಗ ಸೀಮೆಯ ಹಲವು ಭಾಗಗಳಲ್ಲಿಯೂ ಈ ಬಗೆಯ ಮನೆಗಳು ಬೆಳೆದುಬರಲು ನಿಸರ್ಗವೇ ಮೊದಲ ಕಾರಣ. ಈ ಪ್ರದೇಶದ ಬಹುಭಾಗದಲ್ಲಿ ವರ್ಷಕ್ಕೆ 500ರಿಂದ 700 ಮಿಲಿಮೀಟರ್ ಮಳೆ ಬಿದ್ದರೆ, ಮಂಗಳೂರಿನ ಕಡೆ 3,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ದೂರದೂರದ ಊರುಗಳನ್ನು ಮುಟ್ಟಿತು. ಆದರೂ ಬಯಲುಸೀಮೆಯ ರೈತ ಮಣ್ಣಿನ ಮಾಳಿಗೆಯನ್ನು ಬಿಡಲಿಲ್ಲ. ಹೆಂಚಿನ ಮೇಲೆ ಕಾಳು ಹರವಲು ಆಗದು, ಹಾಸಿಗೆ ಹಾಸಲು ಆಗದು ಎಂಬುದು ಅದಕ್ಕಿರುವ ಸರಳ ಕಾರಣ.

ನಡೆದಾಡುವ ಛಾವಣಿಯನ್ನು ಜನಪದರು ಹೇಗೆ ವಿನ್ಯಾಸಗೊಳಿಸಿದರು, ಭಾರದ ಲೆಕ್ಕವನ್ನು ಯಾವ ಮಾತುಗಳಲ್ಲಿ ಹಿಡಿದಿಟ್ಟರು, ಆ ಲೆಕ್ಕ ಎಲ್ಲಿ ತಪ್ಪಿತು, ಇಂದಿನ ಕಾಂಕ್ರೀಟಿನ ತಾರಸಿಗೆ ಹಾಸುಗಲ್ಲು ಹೊದಿಸುವಾಗ ಅದರಿಂದ ಕಲಿಯಬೇಕಾದುದು ಏನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಅಂಕಣ: ಮನೆಯ ಅಳತೆ, ಭಾರದ ಅಳತೆ

ಬಯಲುಸೀಮೆಯಲ್ಲಿ ಮನೆಯ ಗಾತ್ರವನ್ನು ಚದರಡಿಗಳಲ್ಲಿ ಹೇಳುವುದು ಇತ್ತೀಚಿನ ರೂಢಿ. ಹಿರಿಯರು ಇಂದಿಗೂ ಐದಂಕಣದ ಮನೆ, ಹನ್ನೆರಡಂಕಣದ ಮನೆ ಎಂದೇ ಹೇಳುತ್ತಾರೆ. ಎರಡು ಕಂಬಗಳ ನಡುವಣ ಅಂತರವೇ ಅಂಕಣ. ಸಾಮಾನ್ಯವಾಗಿ ಇದು ಎಂಟು ಒಂಬತ್ತು ಅಡಿ, ಅಂದರೆ ಸುಮಾರು ಎರಡೂವರೆ ಮೀಟರ್ ಇರುತ್ತದೆ. ಮನೆ ದೊಡ್ಡದಾಗಬೇಕಾದರೆ ಅಂಕಣಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಅಂಕಣದ ಅಳತೆ ಹಿಗ್ಗುವುದಿಲ್ಲ. ಸಾಹುಕಾರನ ವಾಡೆಯಲ್ಲಿಯೂ ಬಡವನ ಮನೆಯಲ್ಲಿಯೂ ಕಂಬದಿಂದ ಕಂಬಕ್ಕೆ ಇರುವ ದೂರ ಹೆಚ್ಚುಕಡಿಮೆ ಒಂದೇ ಆಗಿರುವುದು ಗಮನಾರ್ಹ.

ಇದು ಕೇವಲ ಸಂಪ್ರದಾಯದ ಅಂಧಾನುಕರಣೆ ಅಲ್ಲ. ತೊಲೆಯ ಮೇಲೆ ಸಮನಾಗಿ ಹರಡಿದ ಭಾರದಿಂದ ಅದರಲ್ಲಿ ಉಂಟಾಗುವ ಬಾಗುಬಲವು ಅಂತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಟು ಅಡಿಯ ಅಂತರವನ್ನು ಹನ್ನೆರಡು ಅಡಿಗೆ ಹಿಗ್ಗಿಸಿದರೆ ಉದ್ದ ಒಂದೂವರೆ ಪಟ್ಟಾಗುತ್ತದೆ, ಬಾಗುಬಲ ಎರಡೂಕಾಲು ಪಟ್ಟಾಗುತ್ತದೆ. ತೊಲೆ ಜೋತುಬೀಳುವ ಪ್ರಮಾಣವಂತೂ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ ಐದು ಪಟ್ಟು ಮೀರುತ್ತದೆ. ಬೇವು, ಜಾಲಿಗಳಂಥ ಸ್ಥಳೀಯ ಮರದಲ್ಲಿ ದೊರೆಯುವ ದಪ್ಪಕ್ಕೆ ಎಷ್ಟು ಅಂತರ ತಾಳುತ್ತದೆ ಎಂಬ ತಲೆಮಾರುಗಳ ಅನುಭವ ಅಂಕಣ ಎಂಬ ಒಂದೇ ಪದದಲ್ಲಿ ಹರಳುಗಟ್ಟಿದೆ. ಸೂತ್ರ ತಿಳಿಯದ ಬಡಗಿಗೆ ಸೂತ್ರದ ಫಲ ತಿಳಿದಿತ್ತು.

ಕಂಬದ ತಲೆಯ ಮೇಲೆ ಕೂರುವ ಬೋದಿಗೆಯ ಕೆಲಸವೂ ಇದೇ ಬಗೆಯದು. ಅದು ತೊಲೆಯನ್ನು ಎರಡೂ ಬದಿಗಳಿಂದ ಆತು ಹಿಡಿದು, ತೊಲೆ ತಾನಾಗಿ ದಾಟಬೇಕಾದ ಅಂತರವನ್ನು ಕಿರಿದುಗೊಳಿಸುತ್ತದೆ. ತೊಲೆಯ ಭಾರ ಕಂಬದ ಕಿರಿದಾದ ತುದಿಯನ್ನು ಚುಚ್ಚದಂತೆ ಹರಡಿಕೊಡುತ್ತದೆ. ಬೋದಿಗೆಯ ಮೇಲಿನ ಹೂಬಳ್ಳಿ, ಗಿಳಿ, ಕಮಲದ ಕೆತ್ತನೆಗಳನ್ನು ಜನಪದ ಕಲೆಯ ಮಾದರಿಗಳೆಂದು ನಾವು ಕೊಂಡಾಡುತ್ತೇವೆ. ಆ ಚೆಲುವಿನ ಹಿಂದೆ ಭಾರ ಹೊರುವ ಕಾಯಕವಿದೆ ಎಂಬುದನ್ನೂ ನೆನೆಯಬೇಕು.

ಪದರಗಳ ವಿನ್ಯಾಸ

ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳು ಬರುತ್ತವೆ. ಜಂತಿಗಳ ಮೇಲೆ ಹಲಗೆ ಇಲ್ಲವೇ ಸೀಳಿದ ಮರದ ಚಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ಶಹಾಬಾದ್, ಸೇಡಂ, ಚಿತ್ತಾಪುರಗಳ ಕಡೆ ನೆಲದಲ್ಲಿಯೇ ಪದರ ಪದರವಾಗಿ ಬಿಡಿಸಿಕೊಳ್ಳುವ ಸುಣ್ಣದ ಕಲ್ಲು ದೊರೆಯುವುದರಿಂದ ಹಲಗೆಯ ಸ್ಥಾನವನ್ನು ಹಾಸುಗಲ್ಲು ವಹಿಸಿಕೊಂಡಿದೆ. ಇದರ ಮೇಲೆ ಬೇವಿನ ಸೊಪ್ಪು, ಬಂದರಿಕೆ ಸೊಪ್ಪುಗಳ ಹಾಸು ಬರುತ್ತದೆ. ಸೊಪ್ಪು ಎರಡು ಕೆಲಸ ಮಾಡುತ್ತದೆ: ಮೇಲಿನ ಮಣ್ಣು ಚಕ್ಕೆಗಳ ಸಂದಿನಿಂದ ಕೆಳಗೆ ಉದುರದಂತೆ ತಡೆಯುತ್ತದೆ; ತನ್ನ ಕಹಿ ಗುಣದಿಂದ ಹುಳುಹುಪ್ಪಡಿಗಳನ್ನು ಜಂತಿಯಿಂದ ದೂರವಿಡುತ್ತದೆ.

ಸೊಪ್ಪಿನ ಮೇಲೆ ಕಲಸಿದ ಮಣ್ಣನ್ನು ಹಾಕಿ, ತುಳಿದು, ಬಡಿದು ಗಟ್ಟಿಮಾಡುತ್ತಾರೆ. ಎಲ್ಲಕ್ಕಿಂತ ಮೇಲಿನ ಪದರವೇ ಮೇಲುಮುದ್ದೆ. ಇದಕ್ಕೆ ಬಳಸುವ ಮಣ್ಣು ಬೇರೆ. ಉತ್ತರದ ಜಿಲ್ಲೆಗಳಲ್ಲಿ ಇದನ್ನು ಸವುಳು ಮಣ್ಣು ಎಂದೂ ಚಿತ್ರದುರ್ಗದ ಕಡೆ ಕರಲು ಮಣ್ಣು ಎಂದೂ ಕರೆಯುತ್ತಾರೆ. ಬೆಳೆಗೆ ಬಾರದ ಉಪ್ಪು ನೆಲದ ಈ ಮಣ್ಣನ್ನು ಹೊಲದ ಮಟ್ಟಿಗೆ ಶಾಪವೆಂದು ಬಗೆಯುವ ರೈತ, ಮಾಳಿಗೆಯ ಮಟ್ಟಿಗೆ ವರವೆಂದು ಹುಡುಕಿಕೊಂಡು ಹೋಗುತ್ತಾನೆ. ಇದರ ಹಿಂದಿನ ವಿಜ್ಞಾನ ಸ್ಪಷ್ಟವಾಗಿದೆ. ಈ ಮಣ್ಣಿನಲ್ಲಿರುವ ಸೋಡಿಯಂ ಅಂಶದಿಂದಾಗಿ ಜೇಡಿಯ ಸೂಕ್ಷ್ಮ ಕಣಗಳು ನೀರು ತಾಗಿದೊಡನೆ ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ರಂಧ್ರಗಳಲ್ಲಿ ಹೋಗಿ ಕೂರುತ್ತವೆ. ಮೊದಲ ಮಳೆಗೇ ಮೇಲ್ಮೈ ಮುಚ್ಚಿಕೊಂಡು ನೀರು ಇಂಗದಂಥ ಪದರ ಉಂಟಾಗುತ್ತದೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ಮನೆಯನ್ನು ಕಾಯುತ್ತದೆ. ಉಪ್ಪಿನ ಅಂಶವಿರುವುದರಿಂದ ಹುಲ್ಲು ಬೇರುಬಿಡುವುದೂ ಕಡಿಮೆ. ಸುತ್ತಲೂ ಹೇರಳವಾಗಿರುವ ಎರೆಮಣ್ಣನ್ನು ಜನಪದರು ಮೇಲುಮುದ್ದೆಗೆ ಬಳಸದಿರುವುದಕ್ಕೂ ಕಾರಣವಿದೆ. ಎರೆ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬಿರಿದ ಮಾಳಿಗೆ ಸೋರದೆ ಇರದು.

ಮಾಳಿಗೆ ಚಪ್ಪಟೆಯಾಗಿ ಕಂಡರೂ ಪೂರ್ಣ ಮಟ್ಟಸವಾಗಿರುವುದಿಲ್ಲ. ನೀರು ನಿಲ್ಲದಂತೆ ಒಂದು ಕಡೆಗೆ ವಾಟ ಕೊಟ್ಟು, ಅಂಚಿನಲ್ಲಿ ಕಲ್ಲಿನ ಇಲ್ಲವೇ ಮರದ ದೋಣಿಯನ್ನು ಗೋಡೆಯಿಂದ ಸಾಕಷ್ಟು ಹೊರಚಾಚಿ ಇಡುತ್ತಾರೆ. ಈ ಹೊರಚಾಚು ತೀರ ಮುಖ್ಯ. ದೋಣಿಯ ನೀರು ಗೋಡೆಯ ಬುಡಕ್ಕೆ ಬಿದ್ದರೆ ಮಣ್ಣಿನ ಗೋಡೆ ಕರಗತೊಡಗುತ್ತದೆ. ಗೋಡೆ ಕರಗಿದರೆ ಮಾಳಿಗೆ ಎಷ್ಟು ಗಟ್ಟಿಯಾಗಿದ್ದರೂ ಉಳಿಯದು.

ಶಿಲೆಯಲ್ಲಿಯೂ ಈ ಜಾಣ್ಮೆಯ ಗುರುತುಗಳಿವೆ. ಐಹೊಳೆಯ ಲಾಡಖಾನ್ ಗುಡಿಯ ಛಾವಣಿಯಲ್ಲಿ ಚಪ್ಪಡಿಗಳು ಕೂಡುವ ಸಂದಿನ ಮೇಲೆ ಮರದ ದಿಮ್ಮಿಯಂತೆ ಕಡೆದ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊದಿಸಲಾಗಿದೆ. ಮರದ ಕಟ್ಟಡದ ಪದ್ಧತಿ ಕಲ್ಲಿಗೆ ದಾಟಿಬಂದುದರ ನಿದರ್ಶನವೆಂದು ವಿದ್ವಾಂಸರು ಇದನ್ನು ಗುರುತಿಸಿದ್ದಾರೆ. ಸಂದು ಇರುವಲ್ಲಿ ನೀರು ಇಳಿಯುತ್ತದೆ, ಆದ್ದರಿಂದ ಸಂದನ್ನೇ ಮೊದಲು ಕಾಯಬೇಕು ಎಂಬ ಹಳ್ಳಿಯ ಬಡಗಿಯ ತಿಳಿವಳಿಕೆ ಆ ಶಿಲ್ಪಿಗಳಿಗೂ ಇತ್ತು.

ನೆಲವಾಗಿ ಮಾಳಿಗೆ

ಮಾಳಿಗೆಯ ಮೇಲಿನ ಬದುಕು ಋತುಮಾನಕ್ಕೆ ತಕ್ಕಂತೆ ನಡೆಯುತ್ತದೆ. ಸುಗ್ಗಿಯ ಕಾಲಕ್ಕೆ ಜೋಳ, ಕಡಲೆ, ತೊಗರಿಗಳು ಮೇಲೇರುತ್ತವೆ. ಬೇಸಗೆಯಲ್ಲಿ ಹೆಂಗಸರು ಶಾವಿಗೆ, ಹಪ್ಪಳ, ಸಂಡಿಗೆಗಳನ್ನು ಒಣಗಿಸುತ್ತಾರೆ. ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವಲ್ಲಿ ಬೀದಿಗಿಳಿಯದೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಹೋಗುವ ದಾರಿಯೊಂದು ಹೆಂಗಸರಿಗೆ ಇರುತ್ತದೆ. ಬೀದಿ ಗಂಡಸರದಾದರೆ ಮಾಳಿಗೆ ಹೆಂಗಸರ ಬೀದಿ. ಕಾರಹುಣ್ಣಿಮೆಯಂದು ಕರಿ ಹರಿಯುವುದನ್ನು ನೋಡಲು, ಯುಗಾದಿಯ ಮರುಸಂಜೆ ಚಂದ್ರನನ್ನು ಕಾಣಲು, ರಂಜಾನಿನ ಕೊನೆಗೆ ಅದೇ ಚಂದ್ರನನ್ನು ಹುಡುಕಲು ಊರಿನ ಎಲ್ಲ ಜನರೂ ಏರುವ ತಾಣ ಇದೊಂದೇ.

ಹೀಗೆ ನಡೆದಾಡುವ ನೆಲವನ್ನು ಕಾಪಾಡಿಕೊಳ್ಳಲು ಹಲವು ಕಟ್ಟುಪಾಡುಗಳು ಬೆಳೆದುಬಂದಿವೆ. ಮಾಳಿಗೆಯ ಮೇಲೆ ಮಕ್ಕಳು ಕುಣಿಯಬಾರದು. ಅಲ್ಲಿ ಒನಕೆ ಹಿಡಿದು ಕುಟ್ಟಬಾರದು. ಚೀಲವನ್ನು ಹೆಗಲಿನಿಂದ ಒಮ್ಮೆಲೆ ಕೆಡವದೆ ಮೆಲ್ಲಗೆ ಇಳಿಸಬೇಕು. ತುಂಬಿದ ಚೀಲಗಳನ್ನು ಅಂಕಣದ ನಡುವೆ ಇಡದೆ ಗೋಡೆಯ ಮಗ್ಗುಲಿಗೆ ಇಲ್ಲವೇ ತೊಲೆಯ ನೇರಕ್ಕೆ ಇಡಬೇಕು. ಕೆಳಗಿನ ಅಡುಗೆಗೆ ಮಣ್ಣು ಉದುರುತ್ತದೆ ಎಂಬುದು ಮಕ್ಕಳಿಗೆ ಹೇಳುವ ಕಾರಣ. ಎಂಜಿನಿಯರುಗಳ ಭಾಷೆಯಲ್ಲಿ ಹೇಳುವುದಾದರೆ ನಿಂತ ಭಾರಕ್ಕಿಂತ ಎತ್ತರದಿಂದ ಬಿದ್ದ ಭಾರ ಹೆಚ್ಚಿನ ಪೆಟ್ಟು ಕೊಡುತ್ತದೆ. ಹರಡಿದ ಭಾರಕ್ಕಿಂತ ಒಂದೇ ಬಿಂದುವಿನ ಭಾರ ನಡು ಅಂಕಣದಲ್ಲಿ ಹೆಚ್ಚು ಬಾಗಿಸುತ್ತದೆ. ಮಣ್ಣಿನ ದಪ್ಪ ಪದರಕ್ಕೆ ಇನ್ನೊಂದು ಉಪಕಾರವೂ ಉಂಟು. ಹಿಮ್ಮಡಿಯ ಒತ್ತಡವನ್ನು ಅದು ಕೆಳಗಿಳಿಯುತ್ತಾ ಅಗಲಕ್ಕೆ ಹರಡಿ, ಒಂದೇ ಚಕ್ಕೆಯ ಮೇಲೆ ಬೀಳಗೊಡದೆ ಹಲವು ಜಂತಿಗಳಿಗೆ ಹಂಚುತ್ತದೆ.

ಬೆಳಕಿಂಡಿಯ ಸುತ್ತ ಮಣ್ಣನ್ನು ತುಸು ಏರಿಸಿ ಕಟ್ಟೆ ಕಟ್ಟುವುದು, ಅಂಚಿಗೆ ಕುಂಬಿ ಎತ್ತುವುದು, ಇವೂ ನಡೆದಾಟದ ಛಾವಣಿಗೆ ಬೇಕಾದ ಅಂಗಗಳೇ. ಕತ್ತಲಲ್ಲಿ ಕಾಲು ಎಡವಿದರೆ ಕಟ್ಟೆ ತಡೆಯುತ್ತದೆ. ಮಳೆಯ ನೀರೂ ಕಿಂಡಿಯೊಳಗೆ ನುಗ್ಗುವುದಿಲ್ಲ.

ಮಣ್ಣಿನಿಂದ ಗಚ್ಚಿಗೆ

ಬೆಂಗಳೂರು, ಮೈಸೂರುಗಳ ಹಳೆಯ ಬಂಗಲೆಗಳಲ್ಲಿಯೂ ಸರ್ಕಾರಿ ಕಟ್ಟಡಗಳಲ್ಲಿಯೂ ಇದೇ ಛಾವಣಿಯ ಇನ್ನೊಂದು ರೂಪ ಕಾಣುತ್ತದೆ. ಮದ್ರಾಸ್ ತಾರಸಿ ಎಂದು ಹೆಸರಾದ ಈ ವಿಧಾನದಲ್ಲಿ ಮರದ ಜಂತಿಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆ ಸಾಲುಗಳಾಗಿ ಕಟ್ಟಿಕೊಂಡು ಹೋಗುತ್ತಾರೆ. ಅದರ ಮೇಲೆ ಇಟ್ಟಿಗೆಯ ಜಲ್ಲಿ ಬೆರೆತ ಸುಣ್ಣದ ಗಚ್ಚನ್ನು ಮೂರು ನಾಲ್ಕು ಅಂಗುಲ ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಾರೆ. ಕೊಡತಿ ಗುರುತು ಮೂಡಿಸದೆ ಪುಟಿದೇಳುವಂತಾದಾಗ ಗಚ್ಚು ಕೂಡಿತೆಂದು ಅರ್ಥ. ಕಟ್ಟಕಡೆಗೆ, ಜನ ಓಡಾಡಿದರೂ ಸವೆಯದಿರಲೆಂದು ಚಪ್ಪಟೆ ಹೆಂಚುಗಳನ್ನು ಸಂದು ತಪ್ಪಿಸಿ ಪದರವಾಗಿ ಹಾಸುತ್ತಾರೆ.

ಇಲ್ಲಿ ಒಂದು ತತ್ವ ಸ್ಪಷ್ಟವಾಗಿ ಗೋಚರಿಸುತ್ತದೆ. ನೀರನ್ನು ತಡೆಯುವ ಪದರ ಬೇರೆ, ಕಾಲಿನ ಸವೆತವನ್ನು ತಡೆಯುವ ಪದರ ಬೇರೆ. ಮಣ್ಣಿನ ಮಾಳಿಗೆಯಲ್ಲಿ ಮೇಲುಮುದ್ದೆಯೊಂದೇ ಈ ಎರಡೂ ಕೆಲಸಗಳನ್ನು ಮಾಡಬೇಕಿತ್ತು; ಅದಕ್ಕಾಗಿಯೇ ವರ್ಷಕ್ಕೊಮ್ಮೆ ಹೊಸದಾಗಿ ಹಾಕಬೇಕಾಗಿತ್ತು. ಗಚ್ಚು ನೀರನ್ನೂ ಹೆಂಚು ಕಾಲನ್ನೂ ವಹಿಸಿಕೊಂಡ ಮೇಲೆ ಛಾವಣಿಯ ಬಾಳಿಕೆ ಹೆಚ್ಚಿತು. ಗಚ್ಚು ಬಡಿಯುವ ಕೆಲಸ ಸಾಮೂಹಿಕ ಲಯವನ್ನು ಬೇಡುವಂಥದು. ಬಂಗಾಳದಲ್ಲಿ ಛಾವಣಿ ಬಡಿಯುವವರ ಹಾಡುಗಳು ಒಂದು ಪ್ರತ್ಯೇಕ ಪ್ರಕಾರವಾಗಿಯೇ ಗುರುತಿಸಲ್ಪಟ್ಟಿವೆ. ಶ್ರಮಗೀತೆಗಳ ವರ್ಗೀಕರಣದಲ್ಲಿ ಬೀಸುವ, ಕುಟ್ಟುವ, ನಾಟಿ ಮಾಡುವ ಹಾಡುಗಳ ಜೊತೆಗೆ ಕಟ್ಟುವವರ ಹಾಡುಗಳಿಗೂ ಸ್ಥಾನ ಸಲ್ಲಬೇಕು ಎಂಬುದಕ್ಕೆ ಇದು ಸಾಕ್ಷಿ.

ಬುಟ್ಟಿ ಬುಟ್ಟಿ ಕೂಡಿದ ಭಾರ

ರೋಹಿಣಿ ಮಳೆಯ ಹೊತ್ತಿಗೆ ಮಾಳಿಗೆಗೆ ಮಣ್ಣು ಹಾಕಿ, ಮಿರಗದ ಮಳೆಗೆ ಅದು ಕೂಡಿಕೊಳ್ಳುವಂತೆ ಮಾಡುವುದು ವಾಡಿಕೆ. ಹಿಂದಿನ ವರ್ಷದ ಬಿರುಕುಗಳು, ಇಲಿಯ ಬಿಲಗಳು, ಇರುವೆಯ ಗೂಡುಗಳು ಈ ಹೊಸ ಮಣ್ಣಿನಿಂದ ಮುಚ್ಚಿಹೋಗುತ್ತವೆ. ಶಿಶುನಾಳ ಶರೀಫರ ಪ್ರಸಿದ್ಧ ತತ್ವಪದವೊಂದು ಸೋರುವ ಮಾಳಿಗೆಯನ್ನೇ ದೇಹದ ರೂಪಕವನ್ನಾಗಿ ಮಾಡಿಕೊಂಡಿದೆ. ತೊಲೆ, ಜಂತಿ, ಕೀಲು, ಮೇಲೆ ಬೆಳೆದ ಹುಲ್ಲು, ಇರುವೆಗಳೆಲ್ಲ ಅಲ್ಲಿ ಬರುವುದನ್ನು ನೋಡಿದರೆ, ಆ ರೂಪಕ ಕೇಳುಗರ ಎದೆಗೆ ನೇರವಾಗಿ ತಾಗಿದ್ದು ಏಕೆಂಬುದು ತಿಳಿಯುತ್ತದೆ. ಕಾಲಕಾಲಕ್ಕೆ ಮಾಳಿಗೆಯನ್ನು ನೋಡಿಕೊಳ್ಳದವನ ಗತಿ ಏನೆಂಬುದು ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ.

ಆದರೆ ಈ ಕಾಳಜಿಯೊಳಗೇ ಒಂದು ಅಪಾಯವೂ ಅಡಗಿದೆ. ಹೊಸ ಮಣ್ಣು ಹಾಕುವ ಮೊದಲು ಹಳೆಯ ಸಡಿಲ ಮಣ್ಣನ್ನು ಕೆರೆದು ಇಳಿಸುವುದು ಒಳ್ಳೆಯ ಪದ್ಧತಿ. ಇಳಿಸುವುದು ಹಾಕುವುದಕ್ಕಿಂತ ಕಷ್ಟದ ಕೆಲಸ, ಕೂಲಿಯೂ ದುಪ್ಪಟ್ಟು. ಆದ್ದರಿಂದ ಹಳೆಯದರ ಮೇಲೆಯೇ ಹೊಸದು ಬೀಳುತ್ತಾ ಹೋಗುತ್ತದೆ. ಇದರ ಲೆಕ್ಕ ನೋಡೋಣ. ತೇವದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,800 ಕಿಲೋಗ್ರಾಂ ತೂಗುತ್ತದೆ. ಮಳೆಗೆ ಕೊಚ್ಚಿಹೋದುದನ್ನು ಕಳೆದು ವರ್ಷಕ್ಕೆ ಒಂದೇ ಒಂದು ಸೆಂಟಿಮೀಟರ್ ಉಳಿದರೂ ಚದರ ಮೀಟರಿಗೆ 18 ಕಿಲೋಗ್ರಾಂ ಸೇರಿತು. ಎರಡೂವರೆ ಮೀಟರ್ ಚೌಕದ ಅಂಕಣಕ್ಕೆ ಇದು 112 ಕಿಲೋಗ್ರಾಂ, ಅಂದರೆ ಜೋಳದ ಒಂದು ಕ್ವಿಂಟಲ್ ಚೀಲಕ್ಕಿಂತ ತುಸು ಹೆಚ್ಚು. ಮೂವತ್ತು ವರ್ಷ ಹೀಗೆಯೇ ನಡೆದರೆ ಪ್ರತಿ ಅಂಕಣದ ಮೇಲೂ ಮೂವತ್ತಕ್ಕೂ ಹೆಚ್ಚು ಚೀಲಗಳನ್ನು ಒಟ್ಟಿದಂತಾಯಿತು. ಒಮ್ಮೆಲೆ ಮೂವತ್ತು ಚೀಲ ಹೇರೆಂದರೆ ಯಾವ ರೈತನೂ ಒಪ್ಪುವವನಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಹೇಗೋ ಹಾಗೆ ಭಾರಕ್ಕೂ ಸಲ್ಲುತ್ತದೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ತುಸು ಮೊದಲು, ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಹತ್ತಿರದ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿತು. ಲಾತೂರ್ ಹಾಗೂ ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಭೂಕಂಪದ ಪ್ರಮಾಣ ಸುಮಾರು 6.2, ಸಾವುಗಳು ಮಾತ್ರ ಆ ಪ್ರಮಾಣವನ್ನು ಮೀರಿದಂಥವು. ಮಣ್ಣಿನಲ್ಲಿ ಕಟ್ಟಿದ ಒರಟು ಕಲ್ಲಿನ ದಪ್ಪ ಗೋಡೆಗಳು, ಅವುಗಳ ನೆತ್ತಿಯ ಮೇಲೆ ಅರ್ಧ ಮೀಟರಿನವರೆಗೂ ಅದನ್ನು ಮೀರಿಯೂ ಬೆಳೆದುನಿಂತ ಮಣ್ಣು, ಇವೇ ಮಲಗಿದ್ದವರ ಮೇಲೆ ಕುಸಿದವು. ಅರ್ಧ ಮೀಟರ್ ಮಣ್ಣೆಂದರೆ ಚದರ ಮೀಟರಿಗೆ 900 ಕಿಲೋಗ್ರಾಂ. ಭೂಮಿ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಅಡ್ಡಬಲ ಅದರ ತೂಕಕ್ಕೆ ಅನುಗುಣವಾಗಿರುತ್ತದೆ. ಬೇಸಗೆಯಲ್ಲಿ ಮನೆಯನ್ನು ತಂಪಾಗಿಟ್ಟ ದಪ್ಪವೇ ಅಂದು ಮೃತ್ಯುವಾಯಿತು. ಮರದ ಕಂಬಗಳ ಮೇಲೆ ಮಾಳಿಗೆ ನಿಂತಿದ್ದ ಕಡೆ ಗೋಡೆ ಉರುಳಿದರೂ ಛಾವಣಿ ನಿಂತು ಜನ ಬದುಕಿದ ಉದಾಹರಣೆಗಳಿವೆ. ಕಂಬ ಹೊರಬೇಕು, ಗೋಡೆ ಮರೆಯಾಗಬೇಕು ಎಂಬ ಅಂಕಣದ ಮೂಲ ತತ್ವವನ್ನು ಉಳಿಸಿಕೊಂಡ ಮನೆಗಳವು. ಮರ ದುಬಾರಿಯಾಗಿ, ಗೋಡೆಯ ಪಕ್ಕದ ಕಂಬಗಳನ್ನು ಕೈಬಿಟ್ಟು ತೊಲೆಯನ್ನು ನೇರವಾಗಿ ಗೋಡೆಗೆ ಊರಿದ ಮನೆಗಳಿಗೆ ಆ ರಕ್ಷಣೆ ಇರಲಿಲ್ಲ.

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ, ಅಂದರೆ ಹಸ್ತ ಮಳೆಯ ಕಾಲದಲ್ಲಿ, ಉತ್ತರ ಕರ್ನಾಟಕ ಕಂಡ ಅತಿವೃಷ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರನ್ನು ಬಲಿತೆಗೆದುಕೊಂಡದ್ದು ಕುಸಿದ ಮನೆಗಳು. ದಿನಗಟ್ಟಲೆ ಬಿಡದೆ ಸುರಿದ ಮಳೆಯಲ್ಲಿ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ಅದೇ ಹೊತ್ತಿಗೆ ನೆನೆದ ಗೋಡೆ ಬಲ ಕಳೆದುಕೊಂಡಿತು. ಹೊರೆ ಏರುವುದು, ಹೊರುವವನ ಶಕ್ತಿ ಇಳಿಯುವುದು, ಇವೆರಡೂ ಒಟ್ಟಿಗೆ ಸಂಭವಿಸುವುದೇ ಮಣ್ಣಿನ ಮನೆಯ ದುರಂತ.

ತಾರಸಿಯ ಮೇಲೆ ಹಾಸುಗಲ್ಲು

ಇಂದು ಬಯಲುಸೀಮೆಯ ಹಳ್ಳಿಗಳಲ್ಲಿಯೂ ಮಾಳಿಗೆಯ ಸ್ಥಾನವನ್ನು ಆರ್‌ಸಿಸಿ ತಾರಸಿ ಆಕ್ರಮಿಸಿದೆ. ತಾರಸಿಯ ಮೇಲಿನ ಬದುಕು ಮಾತ್ರ ಬದಲಾಗಿಲ್ಲ. ಸಂಡಿಗೆ, ಹಾಸಿಗೆ, ಜಾತ್ರೆಯ ನೋಟಗಳ ಜೊತೆಗೆ ಈಗ ನೀರಿನ ತೊಟ್ಟಿ, ಹೂಕುಂಡಗಳು ಸೇರಿವೆ. ಬಿಸಿಲಿಗೆ ಕಾಯುವ ಕಾಂಕ್ರೀಟನ್ನು ತಂಪಾಗಿಸಲು, ನಡೆದಾಟಕ್ಕೆ ಅನುಕೂಲವಾಗಲೆಂದು, ಅಂಗಳಕ್ಕೆ ಹಾಸುವ ಪೇವರ್ ಕಲ್ಲುಗಳನ್ನೇ ತಾರಸಿಗೂ ಹಾಸುವ ರೂಢಿ ಬಂದಿದೆ. ಮಾಳಿಗೆಯ ಲೆಕ್ಕವನ್ನು ಇಲ್ಲಿಯೂ ಹಾಕಿ ನೋಡಬೇಕು.

1987ರಲ್ಲಿ ಪ್ರಕಟವಾದ ಭಾರತೀಯ ಮಾನಕ ಐ.ಎಸ್. 875ರ ಎರಡನೆಯ ಭಾಗವು ಜನ ಹತ್ತಬಹುದಾದ ಚಪ್ಪಟೆ ಛಾವಣಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋಗ್ರಾಂ ಚರಭಾರವನ್ನು ಹಿಡಿಯುವಂತೆ ಸೂಚಿಸಿದೆ. ರಿಪೇರಿಗೆ ಮಾತ್ರ ಹತ್ತುವ ಛಾವಣಿಗೆ ಇದರ ಅರ್ಧ. ಸ್ಥಿರಾಸನಗಳಿಲ್ಲದೆ ಜನ ಗುಂಪುಗೂಡುವ ಸ್ಥಳಕ್ಕಾದರೋ 5 ಕಿಲೋನ್ಯೂಟನ್. ಒಂದು ಅಂಕಣದಷ್ಟು ತಾರಸಿಯ ಮೇಲೆ ಹದಿನೈದು ಜನ ನಿಂತರೆ ಮೊದಲ ಮಿತಿ ಮುಟ್ಟಿದಂತೆ. ತೇರು ಹೊರಟಾಗ ಕುಂಬಿಯ ಬದಿಗೆ ಒತ್ತೊತ್ತಾಗಿ ಚದರ ಮೀಟರಿಗೆ ನಾಲ್ಕೈದು ಜನ ನಿಲ್ಲುವುದುಂಟು. ಆಗ ಭಾರ ಆ ಮಿತಿಯ ಎರಡು ಪಟ್ಟಿಗೆ ಸಮೀಪಿಸುತ್ತದೆ. ತೇರುಬೀದಿಯ ಮನೆಯ ತಾರಸಿಯನ್ನು ಜನಸಂದಣಿಯ ಲೆಕ್ಕದಲ್ಲಿಯೇ ಕಟ್ಟಬೇಕು.

ಇನ್ನು ಕಲ್ಲಿನ ಭಾರ. ಐದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಪೇವರ್ ಚದರ ಮೀಟರಿಗೆ 120 ಕಿಲೋಗ್ರಾಂ ತೂಗುತ್ತದೆ. ಅದರ ಕೆಳಗಿನ ಮೂರು ಸೆಂಟಿಮೀಟರ್ ಮರಳು ಒಣಗಿದ್ದಾಗ ಸುಮಾರು 48 ಕಿಲೋಗ್ರಾಂ, ನೆನೆದಾಗ ಇನ್ನೂ ಹೆಚ್ಚು. ಒಟ್ಟು 168 ಕಿಲೋಗ್ರಾಂ. ಮೊದಲೇ ಇದನ್ನು ಎಣಿಸದೆ ಕಟ್ಟಿದ ತಾರಸಿಯಲ್ಲಿ, ನಡೆಯುವವರಿಗೆಂದು ಹಾಸಿದ ಕಲ್ಲು ನಡೆಯುವವರ 150 ಕಿಲೋಗ್ರಾಂ ಪಾಲನ್ನೆಲ್ಲ ತಾನೇ ಉಂಡು ಮುಗಿಸಿರುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪದ ಶಹಾಬಾದ್ ಕಲ್ಲನ್ನು ಬಳಸಿದರೆ ಈ ಕಲ್ಲಿನ ಭಾರ 65 ಕಿಲೋಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಹನ್ನೆರಡು ಸೆಂಟಿಮೀಟರಿನ ಕಾಂಕ್ರೀಟ್ ಹಲಗೆಯ ಸ್ವಂತ ತೂಕವೇ ಚದರ ಮೀಟರಿಗೆ 300 ಕಿಲೋಗ್ರಾಂ ಇರುವಾಗ, ಮೇಲೆ ಸೇರುವ ಪ್ರತಿಯೊಂದು ಪದರವನ್ನೂ ಸರಳು ಕಟ್ಟುವ ಮೊದಲೇ ಲೆಕ್ಕಕ್ಕೆ ತರಬೇಕು. ಕಟ್ಟಿಯಾದ ಮನೆಗೆ ಹಾಸುವುದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರಿಂದ ಪರೀಕ್ಷೆ ಮಾಡಿಸದೆ ಕಲ್ಲು ಏರಿಸಬಾರದು.

ಭಾರದ ಬಳಿಕ ನೀರು. ಮದ್ರಾಸ್ ತಾರಸಿ ಕಲಿಸಿದ ಪಾಠದಂತೆ ನೀರು ತಡೆಯುವ ಪದರವನ್ನೂ ಕಾಲು ತಡೆಯುವ ಪದರವನ್ನೂ ಬೇರೆಯಾಗಿಯೇ ಎಣಿಸಬೇಕು. ಕಾಂಕ್ರೀಟಿನ ಮೇಲೆ ಮೊದಲು ನೂರಕ್ಕೆ ಒಂದರಷ್ಟಾದರೂ ವಾಟ ಕೊಡಬೇಕು. ಐದು ಮೀಟರ್ ಉದ್ದದ ತಾರಸಿಗೆ ಇದು ಐದು ಸೆಂಟಿಮೀಟರ್. ಬಳಿಕ ಜಲನಿರೋಧಕ ಪದರವನ್ನು ಹಾಸಿ, ಕುಂಬಿಯ ಬುಡದಲ್ಲಿ ಅದನ್ನು ಗೇಣುದ್ದ ಮೇಲಕ್ಕೆ ಏರಿಸಬೇಕು. ಒಂದು ದಿನವಾದರೂ ನೀರು ನಿಲ್ಲಿಸಿ ಕೆಳಗೆ ಒದ್ದೆಯಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಲ್ಲು ಹಾಸಬೇಕು. ಕಲ್ಲಿನ ಸಂದುಗಳಿಂದ ನೀರು ಕೆಳಗಿಳಿದೇ ಇಳಿಯುತ್ತದೆ. ಹಾಗೆ ಇಳಿದ ನೀರಿಗೆ ದಾರಿ ಬೇಕು. ಆದ್ದರಿಂದ ನೀರು ಹೊರಹೋಗುವ ಕೊಳವೆಯ ಬಾಯಿ ಜಲನಿರೋಧಕ ಪದರದ ಮಟ್ಟಕ್ಕೇ ಇರಬೇಕು. ಅದು ಕಲ್ಲಿನ ಮೇಲ್ಮಟ್ಟಕ್ಕೆ ಇದ್ದರೆ ಕೆಳಗಿನ ಮರಳು ವರ್ಷವಿಡೀ ಒದ್ದೆಯಾಗಿಯೇ ಉಳಿಯುತ್ತದೆ. ಸಣ್ಣ ಆಧಾರಗಳ ಮೇಲೆ ಕಲ್ಲನ್ನು ಎತ್ತಿ ಕೂರಿಸುವ ವಿಧಾನದಲ್ಲಿ ಮರಳಿನ ಭಾರವೂ ತಪ್ಪುತ್ತದೆ, ನೀರಿಗೂ ದಾರಿಯಾಗುತ್ತದೆ. ಆದರೆ ಆಧಾರಗಳ ಬುಡ ಜಲನಿರೋಧಕ ಪದರವನ್ನು ಕೊರೆಯದಂತೆ ಅಗಲವಾಗಿರಬೇಕು. ಬಿಸಿಲಿಗೆ ಕಲ್ಲು ಹಿಗ್ಗುವುದರಿಂದ ಕುಂಬಿಯ ಬದಿಯಲ್ಲಿ ಕಿರುಸಂದು ಬಿಡಬೇಕು. ಇಲ್ಲವಾದರೆ ಹಿಗ್ಗಿದ ಹಾಸು ಕುಂಬಿಯನ್ನೇ ತಳ್ಳುತ್ತದೆ.

ಕೊನೆಯದಾಗಿ ಕುಂಬಿಯ ಎತ್ತರ. ನೆಲ ಹತ್ತು ಸೆಂಟಿಮೀಟರ್ ಏರಿದರೆ ಕುಂಬಿ ಹತ್ತು ಸೆಂಟಿಮೀಟರ್ ಕುಗ್ಗಿದಂತೆಯೇ. ಮಕ್ಕಳು ಆಡುವ ತಾರಸಿಯಲ್ಲಿ ಹಾಸಿನ ಮೇಲಿನಿಂದ ಅಳೆದು ಒಂದು ಮೀಟರಿಗೆ ಕಡಿಮೆಯಾಗದಂತೆ ಕುಂಬಿಯನ್ನು ಏರಿಸಿಕೊಳ್ಳಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ವಿದಿತವಾಗುತ್ತವೆ. ಮೊದಲನೆಯದು, ಜನಪದ ತಂತ್ರಜ್ಞಾನದಲ್ಲಿ ಭಾರದ ಲೆಕ್ಕ ಇರಲಿಲ್ಲ ಎಂಬ ಮಾತು ನಿಜವಲ್ಲ. ಅಂಕಣದ ಅಳತೆಯಲ್ಲಿ, ಬೋದಿಗೆಯ ಚಾಚಿನಲ್ಲಿ, ಸವುಳು ಮಣ್ಣಿನ ಆಯ್ಕೆಯಲ್ಲಿ, ಚೀಲವನ್ನು ತೊಲೆಯ ನೇರಕ್ಕೆ ಇಡಬೇಕೆಂಬ ಕಟ್ಟಳೆಯಲ್ಲಿ ಅದು ಅಡಕವಾಗಿದೆ. ಎರಡನೆಯದು, ಆ ಲೆಕ್ಕ ಆಚರಣೆಯಲ್ಲಿ ಬದುಕಿರುವಷ್ಟು ಕಾಲ ಮಾತ್ರ ಮನೆಯನ್ನು ಕಾಯುತ್ತದೆ. ಹಳೆಯ ಮಣ್ಣನ್ನು ಇಳಿಸುವ ಅರ್ಧ ಆಚರಣೆ ಬಿಟ್ಟುಹೋಗಿ, ಹೊಸ ಮಣ್ಣನ್ನು ಏರಿಸುವ ಅರ್ಧ ಮಾತ್ರ ಉಳಿದಲ್ಲಿ ಪರಂಪರೆಯೇ ಕೊಲ್ಲುವ ಭಾರವಾಯಿತು. ಮಣ್ಣಿನ ಮನೆಯನ್ನು ಹಿಂದುಳಿದಿರುವಿಕೆಯ ಗುರುತೆಂದು ಹಳಿಯುವವರೂ, ಅದನ್ನು ದೋಷವೇ ಇಲ್ಲದ ದೇಸಿ ಜ್ಞಾನವೆಂದು ಹೊಗಳುವವರೂ ಈ ಭೇದವನ್ನು ಗಮನಿಸುವುದು ಅಗತ್ಯ.

ಉಳಿದಿರುವ ಮಾಳಿಗೆಯ ಮನೆಗಳಿಗೆ ಸಂಬಂಧಿಸಿದಂತೆ ಕೂಡಲೇ ಮಾಡಬಹುದಾದ ಕೆಲಸವೊಂದಿದೆ. ಬೇಸಗೆಯಲ್ಲಿ ಮಾಳಿಗೆಯ ಅಂಚಿನಲ್ಲಿ ಒಂದು ಕಡೆ ಅಗೆದು ಮಣ್ಣಿನ ದಪ್ಪವನ್ನು ಅಳೆಯುವುದು. ಒಂದು ಗೇಣನ್ನು ಮೀರಿದ್ದರೆ ಅಂಕಣಗಳ ಮೇಲೆ ಸಮವಾಗಿ, ಪದರ ಪದರವಾಗಿ ಇಳಿಸುವುದು. ಬಳಿಕ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ ಅದರ ಮೇಲೆ ತೆಳುವಾಗಿ ಸವುಳು ಮಣ್ಣಿನ ಮೇಲುಮುದ್ದೆ ಹಾಕುವುದು. ತೊಲೆ ಗೋಡೆಗೆ ಊರಿರುವ ಕಡೆ ಒಳಮಗ್ಗುಲಲ್ಲಿ ಕಂಬ ಕೊಡುವುದು. ಹೆಚ್ಚಿನ ಹಣ ಬೇಡದ, ಊರಿನ ಬಡಗಿಯ ಕೈಯಲ್ಲಿಯೇ ಆಗುವ ಕೆಲಸವಿದು. ಜಾನಪದ ವಿದ್ಯಾರ್ಥಿಗಳು ಹಳೆಯ ಮನೆಗಳಿಗೆ ಹೋದಾಗ ಬೋದಿಗೆಯ ಕೆತ್ತನೆಯ ಚಿತ್ರ ತೆಗೆಯುವುದರ ಜೊತೆಗೆ ಮಾಳಿಗೆಯ ಮಣ್ಣಿನ ದಪ್ಪವನ್ನೂ ಬರೆದುಕೊಂಡು ಬಂದರೆ, ಆ ದಾಖಲೆ ಗ್ರಂಥಾಲಯಕ್ಕೆ ಸೇರುವ ಮೊದಲು ಆ ಮನೆಯಲ್ಲಿ ಮಲಗುವವರಿಗೆ ಉಪಯೋಗವಾದೀತು.